ಎತ್ತಲಿಂದ ಎಣಿಸಿದರೂ ಅತ್ತೆ

ಎಲ್ಲರ ಬಳಗದಲ್ಲೂ ಒಬ್ಬ ಸೋದರತ್ತೆ ಇರುತ್ತಾರೆ. ಒಬ್ಬರಿಗೆ ಚಿನ್ನದ ಹುಚ್ಚು, ಒಬ್ಬರಿಗೆ ಧಾರಾವಾಹಿಯ ಹುಚ್ಚು, ಇನ್ನೊಬ್ಬರಿಗೆ ಸೊಸೆಯನ್ನು ಬಯ್ಯುವ ಹುಚ್ಚು. ಊರಿನಲ್ಲಿ ಇಷ್ಟೊಂದು ಮರ್ಯಾದಸ್ತ ಹುಚ್ಚುಗಳು ಇರುವಾಗ ನಮ್ಮ ಸೋದರತ್ತೆ ಮನಸ್ಸು ಕೊಟ್ಟಿರುವುದು ಯಾವುದಕ್ಕೆ ಅಂತೀರಿ? ಒಂದು ಸಂಖ್ಯೆಗೆ!

ಆ ಸಂಖ್ಯೆ ಇದು: 12345678987654321. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಹದಿನೇಳು ಅಂಕಿ. ನಮ್ಮ ಅತ್ತೆ ಹಿರೇಗುಂಟನೂರಿನಲ್ಲಿ ಲೆಕ್ಕದ ಟೀಚರ್ ಆಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ "ಪುರುಸೊತ್ತಾಗ್ಲಿಲ್ಲಪ್ಪ" ಅನ್ನುತ್ತಾರೆ. ಯಾರಾದರೂ ಕುಶಲ ವಿಚಾರಿಸಲು ಮನೆಗೆ ಬಂದರೆ ಕಾಫಿಗಿಂತ ಮುಂಚೆ ಈ ಸಂಖ್ಯೆ ಬರುತ್ತದೆ.

"ಹನ್ನೊಂದನ್ನ ಹನ್ನೊಂದ್ರಿಂದ ಗುಣಿಸು. ನೂರಾ ಇಪ್ಪತ್ತೊಂದು ಬರ್ತೈತೆ. ಒಂದು ಎರಡು ಒಂದು! ನೂರಾ ಹನ್ನೊಂದನ್ನ ಅದ್ರಿಂದ್ಲೇ ಗುಣಿಸು. ಒಂದು ಎರಡು ಮೂರು ಎರಡು ಒಂದು! ಬೆಟ್ಟ ಹತ್ತಿ ಇಳದಂಗೆ ಐತೆ ನೋಡು. ಹಿಂಗೇ ಒಂಬತ್ತು ಒಂದುಗಳನ್ನ ಸಾಲಾಗಿ ಬರ್ಕಂಡು ಗುಣಿಸಿದ್ರೆ ಒಂಬತ್ತರ ತಂಕ ಹತ್ತಿ ಇಳೀತೈತೆ. ಅಂಕಿ ಎಲ್ಲ ಕೂಡಿದ್ರೆ ಎಷ್ಟು? ಎಂಬತ್ತೊಂದು! ಎಂಬತ್ತೊಂದು ಅಂದ್ರೆ ಒಂಬತ್ತೊಂಬತ್ಲ! ಆ ಎಂಬತ್ತೊಂದ್ರಿಂದ್ಲೇ ಭಾಗಿಸಿದ್ರೂ ಶೇಷ ಇಲ್ಲದಂಗೆ ಹೋಗ್ತೈತೆ!"

"ಹತ್ತು ಒಂದು ಬರೆದರೆ?" ಎಂದು ಅಪ್ಪಿತಪ್ಪಿ ಕೇಳಿದಿರೋ, ಅತ್ತೆಯ ಮುಖ ಸಾವಿನ ಸುದ್ದಿ ಕೇಳಿದವರಂತೆ ಆಗುತ್ತದೆ. "ಹತ್ತಾದ್ರೆ ಬೆಟ್ಟ ಕುಸೀತೈತೆ ಕಣಪ್ಪ. ದಶಕ ಮುಂದಕ್ಕೆ ದಾಟಿ, ನಟ್ಟನಡುವೆ ಎರಡು ಸೊನ್ನೆ ಬಿದ್ದು ಗುಂಡಿ ಆಗ್ತೈತೆ. ಆಮ್ಯಾಕೆ ಹಿಂದುಮುಂದು ಒಂದೇ ಥರ ಇರಂಗಿಲ್ಲ. ಒಂಬತ್ತೇ ಅದರ ಗಡಿ." ಬಂದವರು ಈ ಗಡಿ ದಾಟುವ ಮೊದಲೇ ಚಪ್ಪಲಿ ಮೆಟ್ಟಿರುತ್ತಾರೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮದು ಕುರಿ ಸಾಕುವ, ರಾಗಿ ಬೆಳೆಯುವ ಮನೆತನ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ನಮ್ಮಲ್ಲಿ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಒಂದು ಎಂದರೆ ಒಂದಕ್ಕೇ ನಿಂತೀತು, ಲಾಭ ಎಂದರೆ ಬೆಳೆದೀತು ಎಂಬ ಆಸೆ. ಎಲ್ಲ ಒಕ್ಕಲು ಮನೆಗಳಲ್ಲೂ ಇದು ಕಣದಲ್ಲಿ ಶುರುವಾಗಿ ಕಣದಲ್ಲೇ ಮುಗಿಯುತ್ತದೆ. ನಮ್ಮ ಅತ್ತೆ ಮಾತ್ರ ಇದನ್ನು ಜಗತ್ತಿಗೆಲ್ಲ ವಿಸ್ತರಿಸಿದ್ದಾರೆ! ತರಗತಿಯ ಮಕ್ಕಳಿಗಾಗಲಿ, ಮನೆಗೆ ಬಂದವರಿಗಾಗಲಿ ಪಾಠ ಹೇಳುವಾಗ 'ಒಂದು' ಎಂದೇ ಕಲಿಸಿದರು. ಅದು ಸರ್ಕಾರದ ಒಂದು. ತಮ್ಮ ಸ್ವಂತಕ್ಕೆ ಏನನ್ನೇ ಎಣಿಸಲಿ, ಯಾವ ನಂಬರನ್ನೇ ಓದಲಿ, ಒಂದು ಎಂಬುದು ಅವರ ಬಾಯಲ್ಲಿ ಬರುವುದಿಲ್ಲ.

ನಾನು ಹೊಸದುರ್ಗದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು. ನಾಲ್ಕು ಜನರ ಎದುರು ಬಿಳಿ ಶರ್ಟು ತೊಟ್ಟು ನಿಲ್ಲುವವನು. ತಿಂಗಳಿಗೊಮ್ಮೆ ಅತ್ತೆ ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ನಮ್ಮ ಮನೆಗೆ ಬರುತ್ತಾರೆ. ಆ ದಿನಗಳಲ್ಲಿ ನನ್ನ ತಲೆ ನೆಲ ನೋಡುತ್ತಿರುತ್ತದೆ.

ಒಮ್ಮೆ ಗ್ಯಾಸ್ ಸಿಲಿಂಡರ್ ಬಂತು. ತಂದವನಿಗೆ ಮೊಬೈಲಿಗೆ ಬಂದ ಕೋಡ್ ಹೇಳಬೇಕಲ್ಲ? ಫೋನು ಅತ್ತೆಯ ಕೈಗೆ ಸಿಕ್ಕಿತು.

"ಲಾಭ, ನಾಕು, ನಾಕು, ಲಾಭ" ಎಂದರು ಅತ್ತೆ.

"ನಂಬರ್ ಹೇಳಮ್ಮ" ಎಂದ ಅವನು, ಸಿಲಿಂಡರ್ ಹೆಗಲ ಮೇಲೇ ಇದೆ.

"ಅದೇ ಕಣಪ್ಪ ನಂಬರ್! ಲಾಭ, ನಾಕು, ನಾಕು, ಲಾಭ. ಹಿಂದಕ್ಕೂ ಮುಂದಕ್ಕೂ ಒಂದೇ. ಹಿಂಗಿರೋ ಸಂಖ್ಯೆಯೊಳಗೆ ಅಂಕಿಗಳು ಜೋಡಿ ಜೋಡಿ ಇದ್ರೆ ಹನ್ನೊಂದ್ರಿಂದ ಭಾಗ ಹೋಗೇ ಹೋಗ್ತೈತೆ. ಭಾಗಿಸು. ಎಷ್ಟು ಬಂತು?"

"ಅಮ್ಮಾ, ಹೆಗಲು..."

"ನೂರಾ ಮೂವತ್ತೊಂದು! ಅದೂ ಹಿಂದುಮುಂದು ಒಂದೇ! ಎಂಥಾ ಕೋಡ್ ತಂದಿದೀಯಪ್ಪ, ಬಾ ಕುಂತ್ಕ, ಮಜ್ಜಿಗೆ ಕುಡಿ."

ಅಂದಿನಿಂದ ಆ ಹುಡುಗ ನಮ್ಮ ಗೇಟಿನ ಹೊರಗೆ ನಿಂತೇ "ಟೀಚರಮ್ಮ ಬಂದವ್ರಾ?" ಎಂದು ವಿಚಾರಿಸುತ್ತಾನೆ. ಬಂದಿದ್ದರೆ ಸಿಲಿಂಡರ್ ಮರುದಿನ ಬರುತ್ತದೆ.

ಅತ್ತೆಯ ಜೊತೆ ರಸ್ತೆಯಲ್ಲಿ ಹೋಗುವುದು ಇನ್ನೂ ಕಷ್ಟ. ಎದುರಿಗೆ ಬರುವ ಮನುಷ್ಯರನ್ನು ಅವರು ನೋಡುವುದಿಲ್ಲ, ಗಾಡಿಗಳ ನಂಬರ್ ನೋಡುತ್ತಾರೆ. ಒಂದು ದಿನ ನಾನು ಔಷಧಿ ಕಂಪನಿಯ ಏರಿಯಾ ಮ್ಯಾನೇಜರ್ ಜೊತೆ ಅಂಗಡಿ ಮುಂದೆ ನಿಂತು ಬಹಳ ಗಂಭೀರವಾಗಿ ಮಾತಾಡುತ್ತಿದ್ದೆ. ರಸ್ತೆಯ ಆಚೆ ಒಂದು ವ್ಯಾನು ನಿಂತಿತ್ತು. ನಂಬರ್ 6776. ಅತ್ತೆ ಸೆರಗು ಸರಿಮಾಡಿಕೊಂಡು ಎರಡೂ ಕೈ ಮುಗಿದು, ಕಣ್ಣಲ್ಲಿ ನೀರು ತುಂಬಿಕೊಂಡು ಅದರ ಮುಂದೆ ನಿಂತುಬಿಟ್ಟರು. ಹನ್ನೊಂದರಿಂದ ಭಾಗಿಸಿದ್ದರಂತೆ, 616 ಬಂತಂತೆ, ಅದಕ್ಕೆ ಆನಂದಬಾಷ್ಪವಂತೆ! ಆ ವ್ಯಾನು ಹೆಣ ಸಾಗಿಸುವ ಗಾಡಿ ಎಂಬುದು ಅವರಿಗೆ ಕಾಣಲೇ ಇಲ್ಲ. ಸತ್ತವರ ಮನೆಯವರು ಯಾರೋ ಹತ್ತಿರದ ನೆಂಟರು ಅಳುತ್ತಿದ್ದಾರೆ ಎಂದುಕೊಂಡು ಅತ್ತೆಯ ತೋಳು ಹಿಡಿದು ಕೂರಿಸಿ ನೀರು ಕೊಟ್ಟರು. ಅತ್ತೆ ನೀರು ಕುಡಿದು, ಸೌಜನ್ಯಕ್ಕೆ ಕೇಳಿದರು:

"ಎಷ್ಟು ವಯಸ್ಸಾಗಿತ್ತು?"

"ಎಪ್ಪತ್ತೇಳು ಆಗಿತ್ತು ತಾಯಿ."

"ಎಪ್ಪತ್ತೇಳಾ! ಭಾಳ ಚೆಂದ ಆತು ಬಿಡ್ರಿ!"

ಏರಿಯಾ ಮ್ಯಾನೇಜರ್ ನನ್ನನ್ನು ಕೇಳಿದರು, "ಅವರು ನಿಮಗೆ ಗೊತ್ತೇನ್ರಿ?" ನಾನು ಕೆಮ್ಮಿದೆ. ಕೆಮ್ಮುತ್ತಲೇ ಒಳಗೆ ಹೋದೆ. ಕೆಮ್ಮಿನ ಔಷಧಿ ಮಾರುವವನಿಗೆ ಅಷ್ಟೂ ಬರದಿದ್ದರೆ ಹೇಗೆ?

ಅಂಗಡಿಯಲ್ಲಿ ಕೂರಿಸಿದರೂ ಸುಖವಿಲ್ಲ. ಮಾತ್ರೆಯ ಪಟ್ಟಿಗಳ ಮೇಲೆ ಬ್ಯಾಚ್ ನಂಬರ್ ಇರುತ್ತದಲ್ಲ, ಅದನ್ನು ಓದುತ್ತಾ ಕೂರುತ್ತಾರೆ. "ಇದು ತಗಾ, ಎರಡು ಸೊನ್ನೆ ಐದು ಸೊನ್ನೆ ಎರಡು. ಎಷ್ಟು ಲಕ್ಷಣವಾಗೈತೆ!" ಎಂದು ಗಿರಾಕಿಯೊಬ್ಬಳ ಕೈಗೆ ಕೊಟ್ಟರು. ಅವಳ ತಲೆನೋವು ಅದೃಷ್ಟಕ್ಕೆ ಅಂದೇ ಬಿಟ್ಟಿತು. ವಾರದೊಳಗೆ ಅವಳ ಬೀದಿಯವರೆಲ್ಲ ಬಂದು, "ಟೀಚರಮ್ಮ ಕೊಟ್ಟ ನಂಬರಿಂದೇ ಬೇಕು, ಬ್ಯಾರೆದು ಬ್ಯಾಡ" ಎಂದು ಕೌಂಟರ್ ಕುಟ್ಟತೊಡಗಿದರು. ಫಾರ್ಮಸಿ ಓದಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿಕೊಂಡವನ ಗತಿ ನೋಡಿ!

ಇದೆಲ್ಲದರ ನಡುವೆ ಅತ್ತೆಯ ಇನ್ನೊಂದು ಅಭ್ಯಾಸ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮನೆಯವರೆಲ್ಲ ಎಲ್ಲಿಗಾದರೂ ಹೊರಟರೆ ಅವರು ತಲೆ ಎಣಿಸುತ್ತಾರೆ. ಬೆರಳು ತೋರಿಸಿ ಎಣಿಸುವುದಲ್ಲ, ಪ್ರತಿಯೊಬ್ಬರ ನೆತ್ತಿಯ ಮೇಲೂ ಅಂಗೈ ಇಟ್ಟು ಎಣಿಸುವುದು, ಹಟ್ಟಿಯ ಬಾಗಿಲಲ್ಲಿ ಕುರಿಮರಿ ಎಣಿಸಿದಂತೆ. ಎಣಿಕೆ ಯಾವಾಗಲೂ ನನ್ನಿಂದಲೇ ಶುರು. ನಾನು ಹಿರಿಯನೂ ಅಲ್ಲ, ಕಿರಿಯನೂ ಅಲ್ಲ, ನಡುವಿನವನು. ಎಲ್ಲಿ ಕೂತಿದ್ದರೂ ಹುಡುಕಿಕೊಂಡು ಬಂದು ನನ್ನ ತಲೆ ಮುಟ್ಟಿ "ಲಾಭ" ಅಂದ ಮೇಲೆಯೇ ಎರಡು, ಮೂರು.

ಇದಕ್ಕೆ ಕಾರಣವಿದೆ. ನಾನು ಚಿಕ್ಕವನಿದ್ದಾಗ ಅತ್ತೆ ನಮ್ಮನ್ನೆಲ್ಲ ಮಾರಿಕಣಿವೆಯ ಅಣೆಕಟ್ಟು ತೋರಿಸಲು ಕರೆದುಕೊಂಡು ಹೋಗಿದ್ದರು. ವಾಪಸ್ ಬರುವಾಗ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮಣ್ಣನಿಂದ ಎಣಿಕೆ ಶುರುಮಾಡಿ, ಯಾರದೋ ಮನೆಯ ಹುಡುಗನ ತಲೆಯನ್ನೂ ಸೇರಿಸಿ ಎಣಿಸಿ, ಲೆಕ್ಕ ಸರಿಯಿದೆ ಎಂದು ಬಸ್ಸು ಹತ್ತಿಬಿಟ್ಟರು. ನಾನು ಕಂಬದ ಮರೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ಬಿಟ್ಟುಹೋಗಿದ್ದಾರೆ ಎಂದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದು, ಅತ್ತೆ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು, ಹೆರಳು ಬಿಚ್ಚಿಹೋಗಿ, ರಸ್ತೆಯಲ್ಲಿ ಓಡಿ ಬರುತ್ತಿರುವುದನ್ನು ನೋಡಿದಾಗ. ನಾನು ಒಂದು ಶೇಂಗಾ ಕೊಟ್ಟೆ. ಅವರು ಅಳುತ್ತಲೇ ತಿಂದರು. ಅಂದಿನಿಂದ ಲಾಭದ ಜಾಗ ನನ್ನದು.

ಚಿಕ್ಕವನಿದ್ದಾಗ ಅದು ಹೆಮ್ಮೆ. ಐವತ್ತು ದಾಟಿ, ತಲೆಗೆ ಬಣ್ಣ ಹಚ್ಚಿಕೊಂಡು, ಮದುವೆ ಮನೆಯ ಬಸ್ಸಿನಲ್ಲಿ ಬೀಗರ ಮುಂದೆ ಕೂತಿರುವಾಗ ಮುದುಕಿಯೊಬ್ಬರು ಬಂದು ನೆತ್ತಿ ಮುಟ್ಟಿ "ಲಾಭ" ಅಂದರೆ? ಭೂಮಿ ಬಾಯಿ ತೆರೆಯಬಾರದೇ ಅನ್ನಿಸುತ್ತದೆ!

ಈಗ ಮಗಳ ವಿಷಯಕ್ಕೆ ಬರುತ್ತೇನೆ. ಜವನಗೊಂಡನಹಳ್ಳಿಯ ಹುಡುಗ, ಹಿರಿಯೂರಿನಲ್ಲಿ ಪಶುವೈದ್ಯ. ನಮ್ಮಂತೆಯೇ ಕುರಿ ಕಂಡ ಮನೆತನ, ಒಳ್ಳೆಯ ಜನ. ಈ ಸಂಬಂಧ ಕೂಡಿಬರಲಿ ಎಂದು ನಾನೂ ನನ್ನ ಹೆಂಡತಿಯೂ ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ. ಅವರ ಕಡೆಯಿಂದ ಐದು ಜನ ಹೆಣ್ಣು ನೋಡಲು ಬಂದರು. ನಾನು ಬಾಳೆಹಣ್ಣು ತರಲು ಮೂಲೆ ಅಂಗಡಿಗೆ ಹೋದವನು ಬರುವಷ್ಟರಲ್ಲಿ ಅತ್ತೆ ಕೆಲಸ ಮುಗಿಸಿದ್ದರು.

"ಹಿಂಗೆ ಕುಂತ್ರೆ ಚೆಂದ ಕಾಣಲ್ಲ, ಏಳ್ರಿ ಏಳ್ರಿ. ಚಿಕ್ಕೋರು ಎರಡು ಅಂಚಿಗೆ ಬರ್ರಿ, ಹಿರೇರು ನಡುವೆ ಕುಂತ್ಕಳ್ರಿ. ಹಾಂ! ಈಗ ನೋಡ್ರಿ, ಯಾವ ಕಡೆಯಿಂದ ನೋಡಿದ್ರೂ ಒಂದೇ!"

ಹುಡುಗ ಒಂದು ತುದಿಗೆ, ಅವನ ತಮ್ಮ ಇನ್ನೊಂದು ತುದಿಗೆ. ಆಮೇಲೆ ತಾಯಿ, ಚಿಕ್ಕಪ್ಪ. ನಟ್ಟನಡುವೆ ಹುಡುಗನ ತಂದೆ, ಬೋಳುತಲೆ, ಗಿರಿಜಾ ಮೀಸೆ. ಒಳಗೆ ನನ್ನ ಹೆಂಡತಿ ಮಗಳಿಗೆ ಹೇಳಿದ್ದಳು, "ನಡುವೆ ಕೂತಿರೋನೇ ಹುಡುಗ, ಒಂದೇ ಸಲ ಕಣ್ಣೆತ್ತಿ ನೋಡು, ಸಾಕು." ಮಗಳು ಕಾಫಿ ತಟ್ಟೆ ಹಿಡಿದು ಬಂದಳು, ಒಂದೇ ಸಲ ಕಣ್ಣೆತ್ತಿ ನೋಡಿದಳು, ಒಳಗೆ ಓಡಿದಳು.

"ಅಪ್ಪಾ, ಫೋನಲ್ಲಿ ಕಳಿಸಿದ್ದು ಯಾವ ಕಾಲದ ಫೋಟೋ?"

ಆ ಮಾತು ಹೊರಗೂ ಕೇಳಿಸಿತು. ಬೀಗರು ನಕ್ಕರು, ಹುಡುಗ ನಕ್ಕ, ಬೋಳುತಲೆಯವರು ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಇವರೆಲ್ಲ ಮನೆಗೆ ಹೋಗಿ ಏನು ಮಾತಾಡಿಕೊಳ್ಳುತ್ತಾರೋ ಎಂಬುದೇ ಚಿಂತೆಯಾಗಿತ್ತು. ಮೇಲಾಗಿ ಹೋಗುವ ಹೊತ್ತಿಗೆ ಅತ್ತೆ ಹುಡುಗನ ತಾಯಿಯ ಕೈ ಹಿಡಿದು, "ನಿಮ್ಮ ಹುಡುಗನ ಫೋನ್ ನಂಬರ್ ಹನ್ನೊಂದ್ರಿಂದ ಭಾಗ ಹೋಗಲ್ಲ, ಆದ್ರೂ ಚಿಂತಿಲ್ಲ ಬಿಡ್ರಿ, ಹುಡುಗ ಒಳ್ಳೇನು" ಎಂದು ಧೈರ್ಯ ಹೇಳಿ ಕಳಿಸಿದರು.

ಆದರೂ ಅವರು ಒಪ್ಪಿದರು. ನಮ್ಮ ಕಡೆಯವರು ಹೋಗಿ ಹುಡುಗನ ಮನೆ ನೋಡಿ ಬಂದರೆ ಮಾತು ಗಟ್ಟಿ. ಇಂಥದಕ್ಕೆ ಬೆಸ ಸಂಖ್ಯೆಯಲ್ಲಿ ಹೋಗುವುದು ಪದ್ಧತಿ. ಒಂಬತ್ತು ಜನ ಎಂದು ನಿಗದಿ ಮಾಡಿದೆ. ಅದರಲ್ಲಿ ಅತ್ತೆಯ ಹೆಸರಿರಲಿಲ್ಲ.

ಫೋನಿನಲ್ಲಿ ಹೇಗೆ ಹೇಳುವುದು? ನೀವು ಬಂದರೆ ನನ್ನ ಮಾನ ಹೋಗುತ್ತದೆ ಎನ್ನಲಾಗುತ್ತದೆಯೇ? ಆಗ ಒಂದು ಉಪಾಯ ಹೊಳೆಯಿತು. ಹೊಳೆದಾಗ ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಈಗ ಅದನ್ನು ಬರೆಯಲು ಕೈ ಬರುತ್ತಿಲ್ಲ.

"ಅತ್ತೆ, ಒಂಬತ್ತು ಜನ ಆಗಿಬಿಟ್ಟಿದೀವಿ. ನೀವು ಬಂದ್ರೆ ಹತ್ತಾಗ್ತೈತೆ."

ಅತ್ತೆ ಮೆಲ್ಲಗೆ, "ಹೌದಲ್ಲಪ್ಪ. ಹತ್ತಾದ್ರೆ ಬೆಟ್ಟ ಕುಸೀತೈತೆ" ಎಂದರು. ಆಮೇಲೆ, "ಲೆಕ್ಕ ಸರಿಯಾಗೈತೆ. ಹೋಗ್ಬರ್ರಿ" ಎಂದರು. ಅವರ ಪ್ರಾಣದಂಥ ಸಂಖ್ಯೆಯನ್ನೇ ಹಿಡಿದು ಅವರನ್ನು ಹೊರಗಿಟ್ಟಿದ್ದೆ. ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಕೊಂಡಿದ್ದರು. ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದವಳು ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು.

ಹೊರಡುವ ಬೆಳಿಗ್ಗೆ ಟೆಂಪೊ ಬಂದು ಮನೆ ಮುಂದೆ ನಿಂತಿತು. ನಾವು ಹತ್ತಿ ಕೂತು ಇನ್ನೇನು ಬಾಗಿಲು ಎಳೆಯಬೇಕು, ಬೀದಿಯ ತುದಿಯಲ್ಲಿ ಅತ್ತೆ! ಕಂಚಿ ಸೀರೆ, ಎರಡೂ ಕೈಯಲ್ಲಿ ಚೀಲ, ಮೊಣಕಾಲು ನೋವಿಗೆ ಒಂದು ಕಡೆ ವಾಲಿಕೊಂಡು ಬರುತ್ತಿದ್ದಾರೆ. ಬಂದೇಬಿಟ್ಟರಲ್ಲ ಎಂದುಕೊಂಡೆ.

"ನಾನು ಬರಾಕೆ ಬಂದಿಲ್ಲಪ್ಪ" ಎಂದರು, ನನ್ನ ಮುಖ ನೋಡಿಯೇ. "ಎಣಿಸಿ ಕಳಿಸಾಣ ಅಂತ ಮೊದಲ್ನೇ ಬಸ್ಸಿಗೆ ಬಂದೆ. ಬುತ್ತಿ ತಂದೀನಿ."

ಚೀಲದಲ್ಲಿ ಒಂಬತ್ತು ಗಂಟು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲದ ಅಚ್ಚು. ಒಂಬತ್ತೇ, ತಮಗೊಂದಿಲ್ಲ. ರಾತ್ರಿಯೆಲ್ಲ ಬಡಿದ ರೊಟ್ಟಿ ಎಂದು ನೋಡಿದರೇ ತಿಳಿಯುತ್ತಿತ್ತು. ಕಿಟಕಿಯಿಂದ ಕೈ ಹಾಕಿ ನನ್ನ ಬಣ್ಣದ ತಲೆ ಮುಟ್ಟಿದರು. "ಲಾಭ." ಒಂದು ಗಂಟು ಕೊಟ್ಟರು. ಹಾಗೇ ಬಾಗಿಲಿಗೆ ಬಂದು ಒಬ್ಬೊಬ್ಬರ ತಲೆ ಮುಟ್ಟುತ್ತಾ ಗಂಟು ಕೊಡುತ್ತಾ "ಎಂಟು, ಒಂಬತ್ತು" ಎಂದು ಮುಗಿಸಿದರು. "ನೋಡು, ಬೆಟ್ಟ ತುಂಬ್ತು!"

ಆಗ ಡ್ರೈವರ್ ಹಿಂದಕ್ಕೆ ತಿರುಗಿ ಕೇಳಿದ, "ಅಜ್ಜೀ, ನಂಗಿಲ್ವಾ ಬುತ್ತಿ?"

ಅತ್ತೆ ಅವನನ್ನು ನೋಡಿದರು. ಖಾಲಿ ಚೀಲ ನೋಡಿದರು. ಜೀವಮಾನವೆಲ್ಲ ಲೆಕ್ಕ ಕಲಿಸಿದವರ ಮುಖ ಬಿಳಿಚಿಕೊಂಡಿತು.

"ಅಯ್ಯಯ್ಯೋ! ನಿನ್ನ ಲೆಕ್ಕಕ್ಕೇ ಹಿಡದಿಲ್ವಲ್ಲೋ ಮಗನೇ! ಹತ್ತಾತು! ಇಳೀರಿ, ಯಾರಾದ್ರೂ ಒಬ್ರು ಇಳೀರಿ, ಕೂಸಿನ ಕೆಲಸಕ್ಕೆ ಹತ್ತು ಜನ ಹೋಗ್ಬ್ಯಾಡ್ರಿ!"

"ಡ್ರೈವರ್‌ನೇ ಇಳಿಸಿ ಹೋಗಾಣ ಬಿಡ್ರಿ" ಎಂದ ನನ್ನ ಭಾಮೈದ. ಎಲ್ಲರೂ ಹೋ ಎಂದು ನಕ್ಕರು. ಎದುರು ಮನೆಯ ಜಗುಲಿಯಲ್ಲಿ ನಾಲ್ಕು ತಲೆಗಳು ಕಾಣಿಸಿಕೊಂಡವು. ಅತ್ತೆ ಮಾತ್ರ ನಗಲಿಲ್ಲ. ನನ್ನ ಮಗಳಿಗೆ ಕೇಡಾಗುತ್ತದೆ ಎಂದು ನಿಜಕ್ಕೂ ಹೆದರಿ, ಟೆಂಪೊ ಬಾಗಿಲು ಹಿಡಿದುಕೊಂಡು ನಿಂತಿದ್ದರು.

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವರ ದೆಸೆಯಿಂದ ನಾಚಿಕೊಂಡಿದ್ದೇನೆ, ಅಭ್ಯಾಸವಿದೆ. ಈ ನಾಚಿಕೆ ಆ ಥರದ್ದಲ್ಲ. ಅಂದು ಹಿರಿಯೂರಿನಲ್ಲಿ ತಲೆಯೊಂದು ಕಮ್ಮಿಯಾಯಿತೆಂದು ಇದೇ ಹೆಂಗಸು ಒಂದು ಚಪ್ಪಲಿಯಲ್ಲಿ ಓಡಿ ಬಂದಿದ್ದರು. ನಾನೋ, ಬೇಕೆಂದೇ ಒಂದು ತಲೆ ಕಮ್ಮಿ ಮಾಡಿಕೊಂಡು ಹೊರಟಿದ್ದೆ.

ಕೆಳಗಿಳಿದೆ. "ಅತ್ತೆ, ಹತ್ತಕ್ಕೆ ನೀನೂ ಸೇರಿದ್ರೆ ಎಷ್ಟು?" ಎಂದೆ. ಬಹುವಚನ ಯಾವಾಗ ಜಾರಿಹೋಯಿತೋ ಗೊತ್ತಿಲ್ಲ.

"ಹನ್ನೊಂದು" ಎಂದರು. ಆಮೇಲೆ ನಿಧಾನಕ್ಕೆ ಕಣ್ಣು ಅರಳಿತು. "ಲೇ, ಹನ್ನೊಂದು! ಹಿಂದುಮುಂದು ಒಂದೇ! ಬೆಸ ಬ್ಯಾರೆ ಐತೆ!" ಮತ್ತೆ ಮುಖ ಸಣ್ಣದಾಯಿತು. "ಬ್ಯಾಡ ಬಿಡಪ್ಪ. ನಾನು ಬಂದ್ರೆ ನಿಂಗೆ ಸಂಕೋಚ."

ಗೊತ್ತಿತ್ತು! ಗೊತ್ತಿದ್ದೂ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಚೀಲ ಕಸಿದುಕೊಂಡು, ತೋಳು ಹಿಡಿದು ಹತ್ತಿಸಿದೆ. ಬಾಗಿಲ ಪಕ್ಕದ ಕಡೆಯ ಸೀಟಿನಲ್ಲಿ ಕೂರಿಸಿದೆ. ನನ್ನ ಗಂಟನ್ನು ಡ್ರೈವರಿಗೆ ಕೊಟ್ಟೆ. ಹೆಂಡತಿ ತನ್ನ ಗಂಟು ಬಿಚ್ಚಿ ಅತ್ತೆಗೂ ನನಗೂ ಹಂಚಿದಳು.

ಗಾಡಿ ಹೊರಟ ಮೇಲೆ ಅತ್ತೆಗೆ ಸಮಾಧಾನವಿಲ್ಲ. "ಹೊಸದಾಗಿ ಎಣಿಸ್ಬೇಕಲ್ಲೋ, ಬಾ ಇಲ್ಲಿ, ತಲೆ ಕೊಡು" ಎಂದರು.

"ಈ ಸಲ ನಾನು ಎಣಿಸ್ತೀನಿ. ಆ ಕಡೆಯಿಂದ" ಎಂದೆ.

"ಯಾವ ಕಡೆಯಿಂದ ಎಣಿಸಿದ್ರೂ ಒಂದೇ ಅಲ್ಲೇನಪ್ಪ" ಎಂದರು ಲೆಕ್ಕದ ಟೀಚರ್.

ಟೆಂಪೊ ಹಿರಿಯೂರು ರಸ್ತೆಗೆ ತಿರುಗುತ್ತಿತ್ತು. ನಾನು ಕಡೆಯ ಸೀಟಿನ ಹತ್ತಿರ ಹೋಗಿ, ಎಲ್ಲರೂ ನೋಡುತ್ತಿರುವಂತೆಯೇ, ಅವರ ನರೆತ ನೆತ್ತಿಯ ಮೇಲೆ ಅಂಗೈ ಇಟ್ಟೆ.

"ಲಾಭ" ಎಂದೆ.